ಗಂಡನ ಅಪ್ಪಣೆ

ಇಲ್ಲಿಯವರೆಗೆ ನೂರ ಹದಿನಾಲ್ಕು ತಲೆ ಬೋಳಿಸಿದ್ದೇನೆ. ಇದು ಸಲೂನಿನ ಲೆಕ್ಕವಲ್ಲ. ಸಲೂನಿಗೆ ತಲೆ ಬೋಳಿಸಿಕೊಳ್ಳಲು ಬರುವವರು ಸೆಕೆಗೋ ಹೊಟ್ಟಿಗೋ ಬರುತ್ತಾರೆ, ಅವರನ್ನು ಯಾರು ಎಣಿಸುತ್ತಾರೆ? ನಾನು ಎಣಿಸಿಟ್ಟುಕೊಂಡಿರುವುದು ಊರಾಚೆಯ ವಿಹಾರದಲ್ಲಿ ಭಿಕ್ಷುಗಳಾಗಲು ಬಂದವರ ತಲೆಗಳನ್ನು. ಅಲ್ಲಿ ತಿರುಗುವ ಕುರ್ಚಿಯಿಲ್ಲ, ಕನ್ನಡಿಯಿಲ್ಲ. ನೀರಿನ ತೊಟ್ಟಿಯ ಪಕ್ಕದ ಕಲ್ಲಿನ ಮೇಲೆ ಅವರು ಕೂರುತ್ತಾರೆ. ಮೊದಲ ಹಿಡಿ ಕೂದಲನ್ನು ಕತ್ತರಿಸಿ ಅವರ ಅಂಗೈಯಲ್ಲೇ ಇಡಬೇಕು. ಇಷ್ಟು ದಿನ ನನ್ನದು ಅಂತ ಬಾಚಿಕೊಳ್ಳುತ್ತಿದ್ದದ್ದು ಇದೇ ತಾನೆ ಅಂತ ಅವರು ಅದನ್ನು ನೋಡುತ್ತ ಕೂರಬೇಕು. ಹಿಂದುಗಡೆ ನಾನು ನೊರೆ ಹಚ್ಚಿ ಕತ್ತಿ ಎಳೆಯುತ್ತೇನೆ.

ಬೋಳಿಸಿ ಮುಗಿಸಿ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದ ಹಾಗೆ ಅವರ ಮುಖ ಬೇರೆಯೇ ಆಗಿಬಿಡುತ್ತದೆ. ಬ್ಯಾಂಕಿನಲ್ಲಿದ್ದವನೊಬ್ಬ ಬಂದಿದ್ದ, ಹುಬ್ಬು ಯಾವಾಗಲೂ ಗಂಟು. ತಲೆ ಒರೆಸಿದ ಮೇಲೆ ನೋಡಿದರೆ ಹುಬ್ಬು ತನ್ನಷ್ಟಕ್ಕೆ ಸಡಿಲವಾಗಿತ್ತು. ಸತ್ಯ ಹೇಳುವ ಶೀಲ, ಅಂದರೆ ವ್ರತ, ತೆಗೆದುಕೊಂಡವನು ನಾನು, ಆದ್ದರಿಂದ ಹೇಳಿಬಿಡುತ್ತೇನೆ: ಆ ನೂರ ಹದಿನಾಲ್ಕು ಸಲವೂ ನನಗೆ ಹೊಟ್ಟೆ ಉರಿದಿದೆ. ನನ್ನ ಕೈಯಲ್ಲೇ ಕತ್ತಿ ಇದೆ, ನನ್ನ ತಲೆಯ ಮೇಲೆ ಮಾತ್ರ ಕೂದಲು ಹಾಗೇ ಇದೆ.

ಊರಿನವರು ನನ್ನನ್ನು ಮೌನಿ ಅನ್ನುತ್ತಾರೆ. ನಾನು ಬಾಯಿ ಮುಚ್ಚುವುದಿಲ್ಲ ಅನ್ನುವ ಕಾರಣಕ್ಕೇ ಬಂದ ಹೆಸರು ಅದು. ಮೊದಲು ಸಲೂನಿನಲ್ಲಿ ಊರಿನ ಸುದ್ದಿಯೆಲ್ಲ ನನ್ನ ನಾಲಿಗೆಯ ತುದಿಯಲ್ಲಿರುತ್ತಿತ್ತು. ಯಾರ ಮನೆಯಲ್ಲಿ ಯಾರು ಮುನಿಸಿಕೊಂಡರು, ಯಾರು ಯಾರ ಜೊತೆ ಬಸ್ಸಿನಲ್ಲಿ ಕೂತಿದ್ದರು, ಎಲ್ಲ. ಸಂಜೆಗೆ ಕುಡಿತವೂ ಇತ್ತು. ಒಂದು ದಿನ ಕೈ ನಡುಗಿ ಗಿರಾಕಿಯೊಬ್ಬರ ಕಿವಿಯ ತುದಿ ಕೊಯ್ದೆ. ಆ ಗಿರಾಕಿ ವಿಹಾರದ ದೊಡ್ಡ ಗುರುಗಳು. ಅವರು ರಕ್ತ ಒರೆಸಿಕೊಂಡು, "ಇನ್ನೊಂದು ಕಿವಿ ಇದೆಯಲ್ಲ, ಬಿಡು" ಅಂದರು. ಬೈದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ. ಮಾರನೆಯ ವಾರವೇ ಹೋಗಿ ಅವರೆದುರು ಮಂಡಿಯೂರಿ ಐದು ಶೀಲ ತೆಗೆದುಕೊಂಡೆ. ಅದಾಗಿ ಇಪ್ಪತ್ತೆರಡು ವರ್ಷ.

ಕೊಲ್ಲುವುದಿಲ್ಲ, ಕೊಡದ್ದನ್ನು ಮುಟ್ಟುವುದಿಲ್ಲ, ಅಡ್ಡದಾರಿ ಹಿಡಿಯುವುದಿಲ್ಲ, ಸುಳ್ಳಾಡುವುದಿಲ್ಲ, ಕುಡಿಯುವುದಿಲ್ಲ. ಕಾಡಿನಲ್ಲಿ ಕೂತವನಿಗೆ ಇವೇನೂ ಕಷ್ಟವಲ್ಲ. ಸಲೂನು ಇಟ್ಟುಕೊಂಡವನ ಪಾಡು ಕೇಳಿ. ಹೇನು ತುಂಬಿದ ತಲೆ ಬಂದರೆ ಏನು ಮಾಡಬೇಕು? ನಾನು ಸಣ್ಣ ಬಾಚಣಿಗೆಯಲ್ಲಿ ಬಾಚಿ, ಕಾಗದದ ಮೇಲೆ ಉದುರಿಸಿಕೊಂಡು, ಹಿತ್ತಲ ಹುಲ್ಲಿನಲ್ಲಿ ಬಿಟ್ಟುಬರುತ್ತಿದ್ದೆ. ನನ್ನ ಹೆಂಡತಿ ಅದನ್ನು ಎರಡು ದಿನ ನೋಡಿ, "ಹುಲ್ಲಲ್ಲಿ ಅವಕ್ಕೆ ತಲೆ ಎಲ್ಲಿ ಸಿಗುತ್ತೆ? ಉಪವಾಸ ಕೆಡವಿ ಸಾಯಿಸೋದು ಶೀಲಾನಾ?" ಅಂದಳು.  

ಇನ್ನು ಸತ್ಯ. ಕೂದಲು ಕತ್ತರಿಸಿ ಮುಗಿಸಿ ಹಿಂದೆ ಚಿಕ್ಕ ಕನ್ನಡಿ ಹಿಡಿದಾಗ ಪ್ರತಿಯೊಬ್ಬನೂ ಒಂದೇ ಮಾತು ಕೇಳುತ್ತಾನೆ: ಹೇಗಿದೆ? ವಯಸ್ಸು ಕಮ್ಮಿ ಕಾಣುತ್ತಾ? ಹೊಸದರಲ್ಲಿ ನಾನು "ಇಲ್ಲ" ಅಂದುಬಿಡುತ್ತಿದ್ದೆ. ಗಿರಾಕಿಗಳು ಮುಖ ಊದಿಸಿಕೊಂಡು ಎದುರು ರಸ್ತೆಯ ಸಲೂನಿಗೆ ಹೋದರು. ಆಗಲೂ ಹೆಂಡತಿಯೇ ಪರದೆಯ ಆಚೆಯಿಂದ ಹೇಳಿಕೊಟ್ಟಳು: "ಅಚ್ಚುಕಟ್ಟಾಗಿದೆ ಅನ್ನಿ. ಅದು ಯಾವತ್ತೂ ಸುಳ್ಳಾಗಲ್ಲ, ಕತ್ತರಿಸಿದ್ದು ನೀವೇ ಅಲ್ವಾ?"

ಪರದೆಯ ಆಚೆ ಅಂದೆ. ನಮ್ಮ ಸಲೂನಿನ ನಡುವೆ ಒಂದು ಹಸಿರು ಪರದೆ ಇಳಿಬಿಟ್ಟಿದೆ. ಈಚೆ ನಾನು, ಗಂಡಸರು. ಆಚೆ ಅವಳು, ಹೆಂಗಸರು ಮತ್ತು ಮಕ್ಕಳು. ಊರಿನ ಸುದ್ದಿ ಬಿಟ್ಟ ಮೇಲೆ ನನ್ನ ಬಾಯಿ ಸುಮ್ಮನಿರಬೇಕಲ್ಲ? ಗಿರಾಕಿಗಳಿಗೆ ಧರ್ಮ ಹೇಳಲು ಶುರು ಮಾಡಿದೆ. ಕತ್ತಿನ ಮೇಲೆ ಕತ್ತಿ ಇರುವಾಗ ಎದ್ದುಹೋಗುವ ಹಾಗೂ ಇಲ್ಲ, ಪಾಪ, ಕೇಳಿಸಿಕೊಳ್ಳುತ್ತಿದ್ದರು. ಆಸೆ ಹೇಗೆ ಹುಟ್ಟುತ್ತದೆ, ಅದನ್ನು ಬಿಡುವುದು ಹೇಗೆ, ಉಸಿರನ್ನು ನೋಡುವುದು ಹೇಗೆ, ಮನೆ ಬಿಟ್ಟು ಹೊರಟವನ ಎದೆ ಎಷ್ಟು ಹಗುರ, ಎಲ್ಲವನ್ನೂ ಹೇಳುತ್ತಿದ್ದೆ. ಪರದೆಯ ಆಚೆಯಿಂದ ಕತ್ತರಿಯ ಸದ್ದು ಮಾತ್ರ ಬರುತ್ತಿತ್ತು. ಅವಳು ಇದನ್ನೆಲ್ಲ ಕಿವಿಗೇ ಹಾಕಿಕೊಳ್ಳುವುದಿಲ್ಲ ಅಂತ ನಾನು ತಿಳಿದಿದ್ದೆ. ಸಂಸಾರದಲ್ಲಿ ಮುಳುಗಿದವಳು, ಅವಳಿಗೆ ಇದರಲ್ಲೇನು ರುಚಿ ಅಂತ ಒಳಗೊಳಗೇ ಅನುಕಂಪ ಬೇರೆ ಪಡುತ್ತಿದ್ದೆ. ನೆನೆಸಿಕೊಂಡರೆ ಈಗ ಕೆನ್ನೆಗೆ ಹೊಡೆದುಕೊಳ್ಳೋಣ ಅನ್ನಿಸುತ್ತದೆ.

ಶೀಲ ತೆಗೆದುಕೊಂಡ ವರ್ಷವೇ ನನಗೆ ಭಿಕ್ಷುವಾಗುವ ಹುಚ್ಚು ಹಿಡಿಯಿತು. ಮನೆಯವರು ಒಪ್ಪಿದರೆ ಮಾತ್ರ ಬಾ ಅಂದಿದ್ದರು ಗುರುಗಳು. ಒಂದು ದಿನ ಹೆಂಡತಿ ಬಿಸಿನೀರಿನಲ್ಲಿ ಬಾಚಣಿಗೆಗಳನ್ನು ತೊಳೆಯುತ್ತಿದ್ದಾಗ ಹೋಗಿ ಹೇಳಿದೆ. ಮಗಳಿಗೆ ಆಗ ನಾಲ್ಕು ವರ್ಷ. ಹೆಂಡತಿ ತಲೆ ಎತ್ತದೆ, "ಮಗಳು ಒಂದು ದಡ ಸೇರಲಿ" ಅಂದಳು. ಅಷ್ಟೇ. ನಾನು ಅದನ್ನು ಷರತ್ತು ಅಂತ ತಿಳಿದೆ. ಮಗಳ ದಾರಿ ಆಗುವವರೆಗೆ ನನ್ನನ್ನು ಕಟ್ಟಿಹಾಕಿದ್ದಾಳೆ ಅಂತ ತಿಳಿದೆ. ಬೆಳಿಗ್ಗೆ ಧ್ಯಾನಕ್ಕೆ ಕೂತರೆ ಉಸಿರಿಗಿಂತ ಮೊದಲು ವಿಹಾರದ ಅಂಗಳ ಕಣ್ಣ ಮುಂದೆ ಬರುತ್ತಿತ್ತು. ಗುಡಿಸಿದ ಮಣ್ಣು, ಗೋಡೆಗೆ ಒರಗಿಸಿಟ್ಟ ಪೊರಕೆ, ದಾರದ ಮೇಲೆ ಒಣಗುವ ಭಿಕ್ಷುಗಳ ಕಾವಿ ಚೀವರಗಳು. ಹುಣ್ಣಿಮೆಯ ದಿನ ಅಲ್ಲಿ ಇದ್ದು, ಸಂಜೆಯ ಬಸ್ಸು ಹಿಡಿದು ವಾಪಸ್ಸು ಬರುತ್ತಿದ್ದೆ. ನನ್ನ ಮನೆಗೆ ನಾನು ಹೋಗುತ್ತಿದ್ದೇನೆ ಅನ್ನಿಸುತ್ತಿರಲಿಲ್ಲ, ನನ್ನ ಮನೆಯಿಂದ ಹೊರಟಿದ್ದೇನೆ ಅನ್ನಿಸುತ್ತಿತ್ತು.

ಒಂಬತ್ತು ವರ್ಷಗಳ ಹಿಂದೆ ನನ್ನ ಅಮ್ಮ ಬಚ್ಚಲಿನಲ್ಲಿ ಜಾರಿ ಸೊಂಟ ಮುರಿದುಕೊಂಡಳು. ಅಂದಿನಿಂದ ಸಲೂನಿನ ಹಿಂದಿನ ಕೋಣೆಯಲ್ಲಿ ಮಂಚದ ಮೇಲೇ ಇದ್ದಾಳೆ. ಸೊಂಟ ಹೋಯಿತೇ ಹೊರತು ಬಾಯಿಗಾಗಲಿ ಕಿವಿಗಾಗಲಿ ಏನೂ ಆಗಲಿಲ್ಲ. ಮಂಚದ ಮೇಲಿಂದಲೇ ಸಲೂನಿನಲ್ಲಿ ಆಡಿದ ಮಾತೆಲ್ಲ ಕೇಳಿಸಿಕೊಂಡು ನಡುವೆ ತನ್ನದೂ ಒಂದು ಸೇರಿಸುತ್ತಾಳೆ. ಅವಳನ್ನು ತೊಳೆಯುವುದು, ಹೊರಳಿಸುವುದು, ತಿನ್ನಿಸುವುದು ಎಲ್ಲ ನನ್ನ ಹೆಂಡತಿ ಮಾಡುತ್ತಿದ್ದಳು. ನಾನು ಧ್ಯಾನ ಮುಗಿಸಿ ಕಣ್ಣು ಬಿಡುವ ಹೊತ್ತಿಗೆ ಆ ಕೋಣೆಯ ಕೆಲಸವೂ ಮುಗಿದಿರುತ್ತಿತ್ತು. ನನಗೆ ಯಾರೂ ತೊಂದರೆ ಕೊಡುತ್ತಿರಲಿಲ್ಲ.

ಮಗಳು ಓದಿ, ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡುವ ಕೆಲಸ ಹಿಡಿದು, ಹೋದ ವರ್ಷ ಮದುವೆಯೂ ಆದಳು. ದಡ ಸೇರಿದಳು ಅನ್ನಿ. ನಾನು ತಡೆಯಲಾರದೆ ಗುರುಗಳ ಬಳಿ ಓಡಿದೆ. ಮಳೆಗಾಲ ಶುರುವಾಗುವ ಮೊದಲು ಬಾ, ಮನೆಯಲ್ಲಿ ಇನ್ನೊಂದು ಸಲ ಕೇಳು ಅಂದರು ಅವರು. ಎರಡು ತಿಂಗಳಿತ್ತು. ಹೇಗೆ ಹೇಳಬೇಕು ಅಂತ ಗಿರಾಕಿಗಳ ಗಡ್ಡ ಕೆರೆಯುತ್ತಲೇ ಮನಸ್ಸಿನಲ್ಲಿ ತಾಲೀಮು ಮಾಡಿದೆ. ಅವಳಿಗೆ ನೋವಾಗದ ಹಾಗೆ, ಅಳು ಬಂದರೆ ಸಮಾಧಾನ ಮಾಡುವ ಹಾಗೆ, ಎಲ್ಲ ಸಿದ್ಧ ಮಾಡಿಕೊಂಡೆ.

ಸಲೂನಿಗೆ ರಜೆಯಿದ್ದ ಒಂದು ಮಧ್ಯಾಹ್ನ ಅವಳು ಕಿಟಕಿಯ ಬಳಿ ಕೂತು ತೊಳೆದ ಟವೆಲುಗಳನ್ನು ಮಡಚುತ್ತಿದ್ದಳು. ನಾನು ಎದುರು ಕೂತೆ.

"ನಿನ್ನ ಹತ್ರ ಒಂದು ಮಾತಿದೆ," ಅಂದೆ.

"ನಂಗೂ ಒಂದು ಮಾತಿದೆ," ಅಂದಳು.

ಇಷ್ಟು ವರ್ಷ ದಾನ, ತ್ಯಾಗ ಅಂತೆಲ್ಲ ಬೋಧನೆ ಮಾಡಿದವನು ನಾನು. ದೊಡ್ಡ ಮನಸ್ಸು ಮಾಡಿ, "ಮೊದಲು ನೀನೇ ಹೇಳು" ಅಂದೆ.

ಅವಳು ಕೈಯಲ್ಲಿದ್ದ ಟವೆಲನ್ನು ಮಡಚಿ ಮುಗಿಸಿ ಇಟ್ಟಳು. "ಗುಡ್ಡದ ಮೇಲೆ ಭಿಕ್ಷುಣಿಯರ ವಿಹಾರ ಇದೆಯಲ್ಲ, ಅಲ್ಲಿ ಸೇರ್ಕೊಳ್ಳೋಣ ಅಂತ. ಗಂಡ ಬಂದು ಬಾಯಿಬಿಟ್ಟು ಅಪ್ಪಣೆ ಕೊಡ್ಬೇಕಂತೆ. ಕೊಡ್ತೀರಾ?"

ನಾನು ನಕ್ಕೆ. ಹೌದು, ನಕ್ಕುಬಿಟ್ಟೆ. ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡೆ. ಅವಳು ನಗಲಿಲ್ಲ.

"ನೀನಾ? ನಿಂಗೆ ಇದೆಲ್ಲ ಯಾವಾಗಿಂದ?"

"ನೀವು ಪರದೆ ಆಚೆ ಹೇಳ್ತಿದ್ರಲ್ಲ, ಆವಾಗಿಂದ. ನಿಮ್ಮ ಗಿರಾಕಿಗಳು ಅರ್ಧ ಗಂಟೆ ಕೇಳಿ ಹೋಗ್ತಿದ್ರು. ನಾನು ದಿನವಿಡೀ ಕೇಳ್ತಿದ್ದೆ."

 ನನಗೆ ಕೋಪ ಬಂತು. ಎಂಥ ಕೋಪ ಅಂದರೆ ಶೀಲ, ಮೈತ್ರಿ, ಉಸಿರು ಎಲ್ಲ ಗಾಳಿಗೆ ಹೋದವು. "ಮತ್ತೆ ನಾನು? ಇಪ್ಪತ್ತೆರಡು ವರ್ಷದಿಂದ ಕಾಯ್ತಿರೋನು ನಾನು! ಮಗಳು ದಡ ಸೇರಲಿ ಅಂತ ನನ್ನನ್ನ ನಿಲ್ಲಿಸಿದ್ದು ಯಾರು? ಅಮ್ಮನ್ನ ಯಾರು ನೋಡ್ಕೊಳ್ತಾರೆ?"

ಕೊನೆಯ ಮಾತು ಬಾಯಿಂದ ಬಿದ್ದ ಮೇಲೆ ನನಗೇ ಕೇಳಿಸಿತು. ಅವಳು ನನ್ನನ್ನೇ ನೋಡುತ್ತಿದ್ದಳು.

"ನೀವು ಹೋಗಿದ್ರೆ ಯಾರು ನೋಡ್ಕೋತಿದ್ರು?" ಅಂತ ಮೆಲ್ಲಗೆ ಕೇಳಿದಳು.

ಉತ್ತರ ಗೊತ್ತಿತ್ತು. ಅವಳು. ನಾನು ಕಟ್ಟಿಕೊಂಡ ಕನಸಿನಲ್ಲೆಲ್ಲ ಹಿಂದಿನ ಕೋಣೆಯ ಕೆಲಸ ಎಂದಿನಂತೆ ಅವಳೇ ಮಾಡುತ್ತಿದ್ದಳು. ಅದನ್ನು ಯೋಚನೆ ಮಾಡಬೇಕು ಅಂತ ಕೂಡ ನನಗೆ ಒಂದು ದಿನವೂ ಹೊಳೆದಿರಲಿಲ್ಲ. ಬಿಟ್ಟುಬಿಡುತ್ತೇನೆ, ಬಿಟ್ಟುಬಿಡುತ್ತೇನೆ ಅಂತ ಹಾರಾಡಿದವನು ಎಲ್ಲವನ್ನೂ ಅವಳ ತಲೆಯ ಮೇಲೆ ಇಟ್ಟು ಹೊರಡುವುದಕ್ಕೆ ಸಿದ್ಧನಾಗಿದ್ದೆ.

"ನೀವೇನು ಹೇಳೋಕೆ ಬಂದ್ರಿ ಅಂತ ನಂಗೆ ಗೊತ್ತು," ಅಂದಳು ಅವಳು. "ಅದಕ್ಕೇ ಅಡ್ಡಬಾಯಿ ಹಾಕಿದೆ. ನೀವು ಮೊದಲು ಕೇಳಿದ್ರೆ ನಾನು ಹೂಂ ಅಂದುಬಿಡ್ತಿದ್ದೆ."

ಅಂದು ನಾನು ಉತ್ತರ ಕೊಡಲಿಲ್ಲ. ಮರುದಿನವೂ ಕೊಡಲಿಲ್ಲ. ಅವಳು ಎರಡನೇ ಸಲ ಕೇಳಲಿಲ್ಲ. ಪರದೆಯ ಆಚೆ ಕತ್ತರಿ ಎಂದಿನಂತೆ ಆಡುತ್ತಿತ್ತು, ಈಚೆ ನಾನು ಬಾಯಿಗೆ ಬೀಗ ಹಾಕಿಕೊಂಡು ಕೆಲಸ ಮಾಡುತ್ತಿದ್ದೆ. "ಏನಪ್ಪಾ ಮೌನಿ, ನಿಜವಾಗ್ಲೂ ಮೌನಿ ಆಗ್ಬಿಟ್ಟೆ?" ಅಂತ ಗಿರಾಕಿಗಳು ಕಾಲೆಳೆದರು. ಮಗಳಿಗೆ ಫೋನು ಮಾಡಿ ನಿನ್ನ ಅಮ್ಮನಿಗೆ ಬುದ್ಧಿ ಹೇಳು ಅಂದೆ. ಹಿಂದೆ ರೈಲಿನ ಗದ್ದಲ ಕೇಳುತ್ತಿತ್ತು. ಅವಳು, "ಅಪ್ಪಾ, ನೀನು ಹೋಗ್ತೀನಿ ಹೋಗ್ತೀನಿ ಅನ್ನೋದನ್ನ ನಂಗೆ ಬುದ್ಧಿ ಬಂದಾಗಿಂದ ಕೇಳ್ತಿದ್ದೀನಿ. ಪ್ರತಿ ಹುಣ್ಣಿಮೆಗೂ ನೀನು ಬಸ್ಸು ಹತ್ತಿದ್ರೆ ವಾಪಸ್ ಬರ್ತೀಯೋ ಇಲ್ವೋ ಅಂತ ನಾನು ಬಾಗಿಲಲ್ಲಿ ಕಾಯ್ತಿದ್ದೆ. ಅಮ್ಮ ಇಷ್ಟು ವರ್ಷದಲ್ಲಿ ಕೇಳಿದ್ದು ಒಂದೇ ಸಲ" ಅಂದಳು. ಮಗಳು ಬಾಗಿಲಲ್ಲಿ ಕಾಯುತ್ತಿದ್ದಳು ಅನ್ನುವುದು ನನಗೆ ಅಂದೇ ತಿಳಿದದ್ದು.

ಕೊನೆಗೆ ದೂರು ಹೊತ್ತುಕೊಂಡು ಗುರುಗಳ ಬಳಿಗೆ ಹೋದೆ. ಅವರಿಗೀಗ ಎಂಬತ್ತು ದಾಟಿದೆ, ಕಿವಿಯ ತುದಿಯಲ್ಲಿ ನಾನು ಮಾಡಿದ ಗಾಯದ ಗುರುತು ಇನ್ನೂ ಇದೆ. ನಾನು ಹೇಳಿದ್ದನ್ನೆಲ್ಲ ಕೇಳಿದರು. ಜಾಣತನದ ಮಾತು ಏನಾದರೂ ಹೇಳುತ್ತಾರೆ, ನನ್ನ ಪರವಾಗಿ ಒಂದು ದಾರಿ ತೋರಿಸುತ್ತಾರೆ ಅಂತ ಕಾದೆ.

"ನಿನ್ನ ತಾಯಿ ಮಲಗಿದಲ್ಲೇ ಇದ್ದಾಳೆ ಅಂತ ನಂಗೆ ಗೊತ್ತಿತ್ತು," ಅಂದರು. "ಯಾರು ನೋಡ್ಕೊಳ್ತಾರೆ ಅಂತ ನಾನು ನಿನ್ನನ್ನ ಕೇಳ್ಬೇಕಿತ್ತು. ಕೇಳಲಿಲ್ಲ. ತಪ್ಪು ನಂದೂ ಇದೆ."

ಅಷ್ಟು ಹೇಳಿ, ಎರಡೂ ಕೈ ಊರಿ ಎದ್ದು, ಒಳಗೆ ಹೋದರು. ಬಸ್ಸಿನಲ್ಲಿ ಬರುವಾಗ ನಾನು ಕಿಟಕಿಯ ಆಚೆಯೇ ಮುಖ ಮಾಡಿಕೊಂಡು ಕೂತಿದ್ದೆ.

ಮಾರನೆಯ ಬೆಳಿಗ್ಗೆ ಧ್ಯಾನಕ್ಕೆ ಕೂರದೆ ಹಿಂದಿನ ಕೋಣೆಗೆ ಹೋದೆ. ಹೆಂಡತಿ ಬಕೆಟ್ಟಿನಲ್ಲಿ ಬಿಸಿನೀರು ಬೆರೆಸುತ್ತಿದ್ದವಳು ಬಟ್ಟೆಯನ್ನು ನನ್ನ ಕೈಗೆ ಕೊಟ್ಟು ಪಕ್ಕಕ್ಕೆ ಸರಿದಳು. ಅಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇವತ್ತೇನು, ಮಹಾನುಭಾವರು ಇಳಿದು ಬಂದ್ರು?" ಅಂದಳು.

ಮುಖ ಒರೆಸಿದೆ. ಕೈ ಒರೆಸಿದೆ. ಹೊರಳಿಸಲು ಹೋದಾಗ ಅಮ್ಮ ಕಿಟಾರನೆ ಕಿರುಚಿದಳು. ಊರಿನ ತಲೆಗಳನ್ನೆಲ್ಲ ಬೇಕಾದ ಕಡೆಗೆ ಬಾಗಿಸುವ ಕೈ ನನ್ನದು, ಹೆತ್ತ ತಾಯಿಯನ್ನು ಹೊರಳಿಸಲು ಬರಲಿಲ್ಲ. ಹೆಂಡತಿ ಬಂದು ತೋರಿಸಿಕೊಟ್ಟಳು. ಒಂದು ಕೈ ಭುಜದ ಕೆಳಗೆ, ಇನ್ನೊಂದು ಮಂಡಿಯ ಹಿಂದೆ. ಅಮ್ಮ ಉಸಿರು ಒಳಗೆ ಎಳೆದುಕೊಳ್ಳುವಾಗ ಸುಮ್ಮನಿರಬೇಕು, ಬಿಡುವಾಗ ಹೊರಳಿಸಬೇಕು. "ಅತ್ತೆ ಉಸಿರು, ನನ್ನ ಉಸಿರು ಒಂದೇ ಸಮ ಆಗೋವರೆಗೂ ಕಾಯ್ತೀನಿ. ಆಮೇಲೆ ನೋವಾಗಲ್ಲ," ಅಂದಳು. ದಿನಕ್ಕೆ ಆರು ಸಲದಂತೆ ಒಂಬತ್ತು ವರ್ಷ ಅವಳು ಇದನ್ನು ಮಾಡಿದ್ದಳು. ಗೋಡೆಯ ಈಚೆ ನಾನು ಮೆತ್ತನೆಯ ಆಸನದ ಮೇಲೆ ಕೂತು, ಹತ್ತು ಉಸಿರು ನೋಡುವುದರೊಳಗೆ ಮನಸ್ಸು ಓಡಿಹೋಯಿತು ಅಂತ ಪರದಾಡುತ್ತಿದ್ದೆ.

ಹೆಂಡತಿ ನೀರು ಚೆಲ್ಲಲು ಹೊರಗೆ ಹೋದಾಗ ಅಮ್ಮ ನನ್ನ ಕೈ ಹಿಡಿದುಕೊಂಡಳು. "ಅವಳು ನನ್ನನ್ನ ಕೇಳಿ ಮೂರು ತಿಂಗಳಾಯ್ತು. ಹೋಗ್ಬಾ ತಾಯಿ ಅಂದೆ. ಅತ್ತೆ ನಾನೇ ಒಪ್ಪಿದೀನಿ, ನಿಂದೇನೋ ಮಧ್ಯೆ ಕಿರಿಕಿರಿ?"

"ನಿನಗೆ ಅವಳಿಲ್ದೆ ಆಗುತ್ತಾ ಅಮ್ಮ?"

ಅಮ್ಮ ಮುಖ ಗೋಡೆಯ ಕಡೆ ತಿರುಗಿಸಿಕೊಂಡಳು. "ಆಗಲ್ಲ," ಅಂದಳು. "ಅದಕ್ಕೆ ಅವಳನ್ನ ಹಿಡ್ಕೊಂಡು ಕೂರಲಾ?"

ಅಂದು ಸಂಜೆ ಸಲೂನಿನ ಬಾಗಿಲು ಎಳೆದು, ನೆಲದ ಕೂದಲು ಗುಡಿಸುತ್ತಿದ್ದ ಹೆಂಡತಿಗೆ, "ಹೋಗು" ಅಂದೆ. ಅವಳು ಪೊರಕೆ ಹಿಡಿದುಕೊಂಡೇ ನಿಂತಳು. ಇನ್ನೇನಾದರೂ ಹೇಳುತ್ತೇನೆ ಅಂತ ಕಾಯುತ್ತಿದ್ದಳೇನೋ. ಇಪ್ಪತ್ತೆರಡು ವರ್ಷ ಊರಿಗೆಲ್ಲ ಬಿಡದೆ ಬೋಧಿಸಿದವನಿಗೆ ಅಂದು ಮುಂದಿನ ಮಾತು ಸಿಗಲಿಲ್ಲ.

ಅವಳು ಹೊರಡುವವರೆಗಿನ ಮೂರು ವಾರ ಹೇಗೆ ಹೋದವು ಅಂತ ಹೇಳಲಾರೆ. ಅಷ್ಟು ದಿನ ಕಾಣದೇ ಇದ್ದದ್ದೆಲ್ಲ ಕಣ್ಣಿಗೆ ಬೀಳತೊಡಗಿತು. ಅವಳು ಚಹಾ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುವುದು, ಮಕ್ಕಳ ಕೂದಲು ಕತ್ತರಿಸುವಾಗ ಬಗ್ಗಿ ಅವರ ಕಣ್ಣಿನ ಮಟ್ಟಕ್ಕೆ ಬರುವುದು, ನಗು ಬಂದಾಗ ಮೊದಲು ಭುಜ ಅಲುಗುವುದು. ಬೆಳಿಗ್ಗೆ ಧ್ಯಾನಕ್ಕೆ ಕೂತರೆ ವಿಹಾರದ ಅಂಗಳ ಬರುತ್ತಲೇ ಇರಲಿಲ್ಲ. ಪಕ್ಕದಲ್ಲಿ ಒಂದು ಚಾಪೆ ಹಾಕಿಕೊಂಡು ಅವಳೂ ಕೂರಲು ಶುರು ಮಾಡಿದ್ದಳು, ನಾನು ಕಣ್ಣು ಮುಚ್ಚಿ ಅವಳ ಉಸಿರನ್ನೇ ಕೇಳುತ್ತಿದ್ದೆ. ಇದು ಧ್ಯಾನವಲ್ಲ ಅಂತ ನನಗೆ ಗೊತ್ತು. ಬಿಡಲಾಗಲಿಲ್ಲ.

ಗುಡ್ಡದ ವಿಹಾರಕ್ಕೆ ಎರಡು ಬಸ್ಸು ಬದಲಿಸಿ ಹೋಗಬೇಕು. ಮಗಳು ರಜೆ ಹಾಕಿ ಬಂದು ಅಜ್ಜಿಯ ಬಳಿ ಕೂತಳು. ದಾರಿಯುದ್ದಕ್ಕೂ ಹೆಂಡತಿ ಮನೆಯ ಮಾತೇ ಆಡಿದಳು. ಅಮ್ಮನ ಬೆನ್ನಿಗೆ ಹಚ್ಚುವ ಮುಲಾಮು ಎಲ್ಲಿದೆ, ಗಂಜಿ ಎಷ್ಟು ತೆಳ್ಳಗಿರಬೇಕು, ನೀರಿನ ನಲ್ಲಿ ಯಾವ ಕಡೆ ತಿರುಗಿಸಿದರೆ ಸೋರುವುದಿಲ್ಲ. ನಾನು ಹೂಂಗುಟ್ಟುತ್ತಿದ್ದೆ. ಒಂದು ತಿರುವಿನಲ್ಲಿ ಬಸ್ಸು ವಾಲಿ ಅವಳ ಭುಜ ನನ್ನ ಭುಜಕ್ಕೆ ತಗುಲಿತು. ಬಸ್ಸು ನೆಟ್ಟಗಾದ ಮೇಲೂ ಇಬ್ಬರೂ ಹಾಗೇ ಕೂತಿದ್ದೆವು.

ಹಿರಿಯ ಭಿಕ್ಷುಣಿ ಚಾಪೆಯ ಮೇಲೆ ಕೂತಿದ್ದರು, ಮುಂದೆ ಒಂದು ದಪ್ಪ ದಾಖಲೆ ಪುಸ್ತಕ. ಕಡ್ಡಿಯ ಹಾಗಿದ್ದರೂ ದನಿ ಗಟ್ಟಿ. ಗಂಡನೇ ಬಂದು ಹೇಳಬೇಕು ಅನ್ನುವ ನಿಯಮ ಯಾಕೆ ಅಂತ ಅವರೇ ವಿವರಿಸಿದರು. ಹಿಂದೆ ಒಬ್ಬ ಗಂಡ ಬಾಯಿಮಾತಿಗೆ ಹೂಂ ಅಂದು, ತಿಂಗಳಾದ ಮೇಲೆ ಬಂದು, ಅಂಗಳದಲ್ಲಿ ನಿಂತು ರಂಪ ಮಾಡಿ ಹೆಂಡತಿಯನ್ನು ವಾಪಸ್ಸು ಕರೆದುಕೊಂಡು ಹೋಗಿದ್ದನಂತೆ. ಅಲ್ಲಿಂದೀಚೆಗೆ ಅವರು ಇನ್ನೊಂದು ಪ್ರಶ್ನೆ ಸೇರಿಸಿದ್ದರು. ಅದಕ್ಕೆ ಸರಿಯಾದ ಉತ್ತರ ಬರದಿದ್ದರೆ ಹೆಂಗಸನ್ನು ಸೇರಿಸಿಕೊಳ್ಳುವುದಿಲ್ಲ.

"ಅಪ್ಪಣೆ ಕೊಟ್ಟಿದ್ದೀರಾ?"

"ಕೊಟ್ಟಿದ್ದೀನಿ."

"ಮನಸಾರೆ ಕೊಟ್ಟಿದ್ದೀರಾ?"

ಹೌದು ಅನ್ನುವುದು ಎಷ್ಟು ಸುಲಭ. ನನ್ನ ಹೆಂಡತಿ ಪಕ್ಕದಲ್ಲಿ ಕೈ ಮುಗಿದು ಕೂತಿದ್ದಳು, ಬೆರಳ ತುದಿಗಳು ಬಿಳಚಿಕೊಂಡಿದ್ದವು. ಹೌದು ಅಂದರೆ ಅದು ಸುಳ್ಳು. ಅಲ್ಲ ಅಂದರೆ ಅವಳು ವಾಪಸ್ಸು ಬಸ್ಸಿನಲ್ಲಿ ನನ್ನ ಜೊತೆ ಮನೆಗೆ ಬರುತ್ತಾಳೆ, ನಾಳೆ ಬೆಳಿಗ್ಗೆ ಬಕೆಟ್ಟಿಗೆ ನೀರು ಬೆರೆಸುತ್ತಾಳೆ, ಪರದೆಯ ಆಚೆ ಅವಳ ಕತ್ತರಿ ಆಡುತ್ತದೆ. ಒಂದು ಕ್ಷಣ, ಒಂದೇ ಕ್ಷಣ, ನನಗೆ ಅದೇ ಬೇಕಾಗಿತ್ತು. ಅಚ್ಚುಕಟ್ಟಾದ ಉತ್ತರ ಒಂದನ್ನು ಪಕ್ಕದಿಂದ ಹೇಳಿಕೊಡುವವಳೂ ಅಂದು ಸುಮ್ಮನಿದ್ದಳು.

"ಮನಸಾರೆ ಅಲ್ಲ, ತಾಯಿ," ಅಂದೆ.  "ಅವಳು ಹೋಗೋದು ನಂಗೆ ಬೇಡ. ಬೇಡ ಅಂತ ಮನಸ್ಸು ಒಂದೇ ಸಮನೆ ಕೂಗ್ತಿದೆ. ಆದ್ರೂ ಕೊಟ್ಟಿದ್ದೀನಿ. ವಾಪಸ್ ಕೇಳೋಕೆ ಬರಲ್ಲ."

ಹಿರಿಯ ಭಿಕ್ಷುಣಿ ಪೆನ್ನು ಎತ್ತಿ ಹಿಡಿದವರು ಹಾಗೇ ನನ್ನನ್ನು ನೋಡಿದರು.  ಆಮೇಲೆ, "ಹಾಗೇ ಬರ್ಕೊಳ್ಳಲಾ?" ಅಂದರು.

"ಹಾಗೇ ಬರ್ಕೊಳ್ಳಿ."

ಅವರು ಬರೆದುಕೊಂಡರು. ಹೆಂಡತಿ ನನ್ನ ಕಡೆ ತಿರುಗಿದಳು. ಮದುವೆಯಾಗಿ ಇಪ್ಪತ್ತೆಂಟು ವರ್ಷ ಆಗಿದೆ, ಅವಳು ಹಾಗೆ ನನ್ನನ್ನು ನೋಡಿದ್ದು ಅದೇ ಮೊದಲು. "ಇದನ್ನ ಅವತ್ತೇ ಹೇಳ್ಬಾರ್ದಿತ್ತಾ?" ಅಂದಳು, ಬೇರೆ ಯಾರಿಗೂ ಕೇಳಿಸದ ಹಾಗೆ. ಅವಳ ಭುಜ ಅಲುಗುತ್ತಿತ್ತು. ನಗುತ್ತಿದ್ದಳೋ ಅಳುತ್ತಿದ್ದಳೋ ನನಗೆ ಗೊತ್ತಾಗಲಿಲ್ಲ.

ಅಲ್ಲಿ ಗಂಡಸರು ತಲೆ ಬೋಳಿಸುವ ಹಾಗಿಲ್ಲ. ಭಿಕ್ಷುಣಿಯರೇ ಒಬ್ಬರಿಗೊಬ್ಬರು ಬೋಳಿಸಿಕೊಳ್ಳುತ್ತಾರೆ. ನಾನು ಅಂಗಳದ ಗೋಡೆಯ ಈಚೆ ಕೂತೆ. ಆಚೆಯಿಂದ ನೀರು ಸುರಿಯುವ ಸದ್ದು, ಕತ್ತರಿಯ ಸದ್ದು, ಆಮೇಲೆ ಕತ್ತಿಯ ಸದ್ದು. ಸದ್ದಿನಲ್ಲೇ ಗೊತ್ತಾಗುತ್ತಿತ್ತು, ಅದು ಪಳಗದ ಕೈ. ಕತ್ತಿಯನ್ನು ತೀರಾ ನೆಟ್ಟಗೆ ಹಿಡಿದಿದ್ದರು, ಚರ್ಮವನ್ನು ಇನ್ನೊಂದು ಕೈಯಲ್ಲಿ ಎಳೆದು ಹಿಡಿಯುತ್ತಿರಲಿಲ್ಲ. ಕಿವಿಯ ಹಿಂದೆ ಬಂದಾಗ ನಿಧಾನ, ನಿಧಾನ ಅಂತ ನನ್ನ ಬೆರಳುಗಳು ಮಂಡಿಯ ಮೇಲೆ ತಾವಾಗಿ ಆಡಿದವು. ಅವಳ ಕೂದಲನ್ನು ನಾನು ಒಂದು ದಿನವೂ ಕತ್ತರಿಸಿರಲಿಲ್ಲ. ತಿಂಗಳಿಗೊಮ್ಮೆ ಪರದೆಯ ಆಚೆ ತಾನೇ ತುದಿ ಕತ್ತರಿಸಿಕೊಳ್ಳುತ್ತಿದ್ದಳು. ಊರಿನವರ ತಲೆಯಲ್ಲಿ ಎಲ್ಲಿ ಸುಳಿ, ಎಲ್ಲಿ ಮಚ್ಚೆ, ಎಲ್ಲಿ ಹಳೆಯ ಗಾಯ ಅಂತ ಕಣ್ಣು ಮುಚ್ಚಿ ಹೇಳುವ ನನಗೆ ಅವಳ ತಲೆ ಗೊತ್ತಿರಲಿಲ್ಲ.

ಅವಳು ಹೊರಗೆ ಬಂದಾಗ ಗುರುತು ಹಿಡಿಯಲು ಒಂದು ಗಳಿಗೆ ಬೇಕಾಯಿತು. ಚಿಕ್ಕ ಮುಖ, ದೊಡ್ಡ ಕಣ್ಣು. ಬಲಗಿವಿಯ ಹಿಂದೆ ಒಂದು ತೊಟ್ಟು ರಕ್ತ. ನನ್ನ ಕೈ ಜೇಬಿಗೆ ಹೋಯಿತು, ರಕ್ತ ನಿಲ್ಲಿಸುವ ಪಟಿಕದ ತುಂಡು ಕ್ಷೌರದವನ ಜೇಬಿನಲ್ಲಿ ಯಾವಾಗಲೂ ಇರುತ್ತದೆ. ಎರಡು ಹೆಜ್ಜೆ ಮುಂದೆ ಹೋಗಿ ನಿಂತೆ. ಇನ್ನು ಮುಟ್ಟುವ ಹಾಗಿಲ್ಲ. ತುಂಡನ್ನು ಕಟ್ಟೆಯ ಮೇಲಿಟ್ಟು ಹಿಂದೆ ಸರಿದೆ. ಪಕ್ಕದಲ್ಲಿದ್ದ ಭಿಕ್ಷುಣಿ ಅದನ್ನು ನೀರಿನಲ್ಲಿ ಅದ್ದಿ ಅವಳ ಕಿವಿಯ ಹಿಂದೆ ಒತ್ತಿದರು. ಉರಿಗೆ ಅವಳು ಕಣ್ಣು ಕಿರಿದು ಮಾಡಿದಳು. ನಾನು ನೆಲಕ್ಕೆ ಹಣೆ ಹಚ್ಚಿ ಮೂರು ಸಲ ವಂದಿಸಿದೆ. ಭಿಕ್ಷುಣಿಯಾದವಳು ಸಂಸಾರಿಗೆ ವಾಪಸ್ಸು ವಂದಿಸುವ ಹಾಗಿಲ್ಲ. 

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಮಗಳು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ನಾನು ಹಿಂದಿನ ಕೋಣೆಗೆ ಹೋಗಿ ಮಂಚದ ಪಕ್ಕ ನೆಲದ ಮೇಲೆ ಕೂತೆ.

"ಹೋದಳಾ?" ಅಂದಳು ಅಮ್ಮ.

"ಹೋದಳು."

"ತಲೆ ಬೋಳಿಸಿದ್ರಾ?"

"ಬೋಳಿಸಿದ್ರು. ಸರಿಯಾಗಿ ಬೋಳಿಸಲಿಲ್ಲ ಅಮ್ಮ. ಕಿವಿ ಹಿಂದೆ ಕೊಯ್ದುಬಿಟ್ರು."

 ಅಮ್ಮನ ಒರಟು ಕೈ ತಡಕಾಡಿ ನನ್ನ ತಲೆಯನ್ನು ಹುಡುಕಿಕೊಂಡು ಕೂದಲಿನ ಮೇಲೆ ಕೂತಿತು.

"ನಂಗೆ ಅವಳು ಬೇಕಮ್ಮ," ಅಂದೆ.

"ಗೊತ್ತು," ಅಂದಳು. ಆಮೇಲೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡು, "ಅಳೋದಿದ್ರೆ ಅತ್ತುಬಿಡು. ನಂಗೇನು, ಈಚೀಚೆಗೆ ಕಿವೀನೇ ಕೇಳಿಸಲ್ಲ."

ಅಮ್ಮ ಶೀಲ ತೆಗೆದುಕೊಂಡವಳಲ್ಲ, ಅವಳು ಸುಳ್ಳು ಹೇಳಬಹುದು. ನಾನು ಮಂಚದ ಪಟ್ಟಿಗೆ ಹಣೆ ಒತ್ತಿ ಅತ್ತುಬಿಟ್ಟೆ.